ಓಡುವಾಗ ಪವರ್ ಕಟ್: ಎಲೆಕ್ಟ್ರಿಕ್ ಸ್ಕೇಟ್‌ಬೋರ್ಡ್ ಕಂಟ್ರೋಲರಿನ ದೋಷ ಹಿಡಿಯುವ ಕ್ರಮ

ಗಂಟೆಗೆ 30 ಕಿಲೋಮೀಟರ್ ವೇಗದಲ್ಲಿರುವ ಬೋರ್ಡಿನ ಮೋಟಾರ್ ಅರ್ಧ ಸೆಕೆಂಡ್ ಕೈಕೊಟ್ಟರೆ, ಅಷ್ಟರಲ್ಲಿ ಬೋರ್ಡ್ ನಾಲ್ಕು ಮೀಟರ್ ಮುಂದೆ ಹೋಗಿರುತ್ತದೆ. ಆ ನಾಲ್ಕು ಮೀಟರಿನಲ್ಲಿ ಎಳೆತವೂ ಇಲ್ಲ, ಬ್ರೇಕೂ ಇಲ್ಲ. ವೇಗ ಹೆಚ್ಚಿಸಲು ಮುಂದೆ ಬಾಗಿದ್ದವರು ಮುಗ್ಗರಿಸುತ್ತಾರೆ. ಇಳಿಜಾರಿನಲ್ಲಿ ಬ್ರೇಕ್ ಹಿಡಿದು ಹಿಂದಕ್ಕೆ ಒರಗಿದ್ದವರ ಕಾಲಡಿಯಿಂದ ಬೋರ್ಡೇ ಜಾರಿಹೋಗುತ್ತದೆ. ಅರ್ಧ ಸೆಕೆಂಡ್ ಎಂದು ಅಂದಾಜಿಗೆ ಹೇಳುತ್ತಿಲ್ಲ. ಬ್ಯಾಟರಿ ಮತ್ತು ಮೋಟಾರಿನ ನಡುವೆ ಕೂರುವ ವೆಸ್ಕ್ ಎಂಬ ಕಂಟ್ರೋಲರಿನ ಫರ್ಮ್‌ವೇರಿನಲ್ಲಿ (ಒಳಗಿನ ತಂತ್ರಾಂಶದಲ್ಲಿ) ಫಾಲ್ಟ್, ಅಂದರೆ ದೋಷದ ಸೂಚನೆ, ಬಂದಾಗ ಮೋಟಾರನ್ನು ಕೈಬಿಡುವ ಅವಧಿ ಮೂಲ ಸೆಟ್ಟಿಂಗಿನಲ್ಲಿ 500 ಮಿಲಿಸೆಕೆಂಡ್.

ಈ ಕೈಪಿಡಿ ಆ ಒಂದು ದೋಷದ ಬಗ್ಗೆ ಮಾತ್ರ. ಸ್ವೀಡನ್ನಿನ ಎಂಜಿನಿಯರ್ ಬೆಂಜಮಿನ್ ವೆಡ್ಡರ್ 2014-15ರ ಸುಮಾರಿಗೆ ವೆಸ್ಕ್ ಎಂಬ ತಮ್ಮ ಸ್ಪೀಡ್ ಕಂಟ್ರೋಲರಿನ ಸರ್ಕ್ಯೂಟ್ ಮತ್ತು ಫರ್ಮ್‌ವೇರ್ ಎರಡನ್ನೂ ಎಲ್ಲರಿಗೂ ಮುಕ್ತವಾಗಿ ಕೊಟ್ಟರು. ಇಂದು ಮನೆಯಲ್ಲಿ ಕಟ್ಟಿದ ಬೋರ್ಡುಗಳಲ್ಲಿ ಬಹುಪಾಲು ಅದೇ ವಂಶದ ಕಂಟ್ರೋಲರುಗಳಿವೆ. ಹಾಗಾಗಿ ಇಲ್ಲಿಯ ಸೆಟ್ಟಿಂಗುಗಳ ಹೆಸರು, ಫಾಲ್ಟುಗಳ ಹೆಸರು ಎಲ್ಲ ವೆಸ್ಕ್‌ನವು. ಕಾರಣಗಳು ಮಾತ್ರ ಯಾವ ಬ್ರಷ್‌ಲೆಸ್ ಕಂಟ್ರೋಲರಿಗಾದರೂ ಅನ್ವಯಿಸುತ್ತವೆ. ನೀವೇ ಹೊಸ ಕಂಟ್ರೋಲರ್ ವಿನ್ಯಾಸ ಮಾಡುತ್ತಿದ್ದರೆ, ಹಳೆಯದು ಏಕೆ ಕಟ್ಟಾಯಿತು ಎಂದು ಖಚಿತವಾಗಿ ತಿಳಿಯದೆ ಮುಂದಿನ ಬೋರ್ಡ್ ಲೇಔಟಿಗೆ ಕೈ ಹಾಕಬೇಡಿ. ಕಾರಣ ಗೊತ್ತಿಲ್ಲದೆ ಇನ್ನೂ ದಪ್ಪ ಮಾಸ್‌ಫೆಟ್ (ಮೋಟಾರಿನ ಕರೆಂಟನ್ನು ಆನ್-ಆಫ್ ಮಾಡುವ ಟ್ರಾನ್ಸಿಸ್ಟರ್) ಹಾಕಿದರೆ ಅದೇ ದೋಷ ಹೆಚ್ಚು ಆಂಪ್‌ನಲ್ಲಿ ಮತ್ತೆ ಬರುತ್ತದೆ.

ಮೊದಲು: ಆಫ್ ಮಾಡಬೇಡಿ

ಬಿದ್ದು ಎದ್ದ ಕೂಡಲೇ ಬೋರ್ಡ್ ಆಫ್ ಮಾಡಿ ಆನ್ ಮಾಡುವುದು ಎಲ್ಲರ ಅಭ್ಯಾಸ. ಬೇರೆ ಏನನ್ನು ಮಾಡಿದರೂ ಇದೊಂದನ್ನು ಮಾಡಬೇಡಿ. ಫಾಲ್ಟುಗಳ ಪಟ್ಟಿ ಕಂಟ್ರೋಲರಿನ ರ‍್ಯಾಮ್‌ನಲ್ಲಿರುತ್ತದೆ, ಕರೆಂಟ್ ಹೋದರೆ ಅಳಿಸಿಹೋಗುತ್ತದೆ. ರಸ್ತೆ ಬದಿಗೆ ಬಂದು, ಬೋರ್ಡ್ ಆನ್ ಇರುವಂತೆಯೇ, ಫೋನಿನ ವೆಸ್ಕ್ ಟೂಲ್ ಆ್ಯಪನ್ನು ಬ್ಲೂಟೂತ್‌ನಲ್ಲಿ ಜೋಡಿಸಿ, ಟರ್ಮಿನಲ್ ಪುಟದಲ್ಲಿ ಫಾಲ್ಟ್ಸ್ ಎಂಬ ಆದೇಶ ಕೊಡಿ. ಎರಡು ಕಂಟ್ರೋಲರ್ ಇದ್ದರೆ ಎರಡರಲ್ಲೂ ನೋಡಿ. ಎರಡನ್ನೂ ಜೋಡಿಸುವ ಕ್ಯಾನ್ ಬಸ್ ಎಂಬ ಸಿಗ್ನಲ್ ವೈರಿನ ಆ ಬದಿಯದನ್ನು ಮರೆಯುವವರೇ ಹೆಚ್ಚು. ಸ್ಕ್ರೀನ್‌ಶಾಟ್ ತೆಗೆದಿಡಿ.

ಅಲ್ಲಿ ಕಾಣುವುದು ಮೂರರಲ್ಲಿ ಒಂದು.

ಫಾಲ್ಟ್ ದಾಖಲಾಗಿದೆ. ಅಂದರೆ ಕಂಟ್ರೋಲರಿಗೆ ಎಚ್ಚರವಿತ್ತು, ಏನೋ ತಪ್ಪು ಕಂಡು ತಾನಾಗಿಯೇ ಮೋಟಾರ್ ಬಿಟ್ಟಿತು.

ಪಟ್ಟಿ ಖಾಲಿ, ಜೊತೆಗೆ ಖರ್ಚಾದ ಆಂಪ್-ಅವರ್ ಕೂಡ ಸೊನ್ನೆಗೆ ಬಂದಿದೆ. ಅಂದರೆ ಕಂಟ್ರೋಲರಿಗೇ ಕರೆಂಟ್ ಹೋಗಿ ಮತ್ತೆ ಬಂದಿದೆ. ಬ್ಯಾಟರಿ, ಬಿಎಂಎಸ್ (ಬ್ಯಾಟರಿಯನ್ನು ಕಾಯುವ ಸರ್ಕ್ಯೂಟ್), ಸ್ವಿಚ್, ಕನೆಕ್ಟರ್ ಕಡೆ ನೋಡಿ.

ಪಟ್ಟಿ ಖಾಲಿ, ಆಂಪ್-ಅವರ್ ಲೆಕ್ಕ ಮಾತ್ರ ಹಾಗೇ ಇದೆ. ಕಂಟ್ರೋಲರ್ ಆರಾಮಾಗಿತ್ತು, ಅದಕ್ಕೆ ರಿಮೋಟಿನಿಂದ ಆದೇಶವೇ ಬರಲಿಲ್ಲ.

ಈ ವಿಂಗಡಣೆಗೆ ಎರಡು ನಿಮಿಷ ಸಾಕು. ಇದನ್ನು ಬಿಟ್ಟು ನೇರವಾಗಿ ಸ್ಕ್ರೂಡ್ರೈವರ್ ಹಿಡಿದವರು ಚೆನ್ನಾಗಿರುವ ಕಂಟ್ರೋಲರನ್ನು ಕಿತ್ತು ಹೊಸದಕ್ಕೆ ದುಡ್ಡು ಸುರಿದು, ಮತ್ತೆ ಅದೇ ತಿರುವಿನಲ್ಲಿ ಬೀಳುವುದನ್ನು ನೋಡಿದ್ದೇನೆ. ಮೊಣಕೈ ಮುರಿದುಕೊಂಡವರೂ ಇದ್ದಾರೆ. ದಯವಿಟ್ಟು ಈ ಎರಡು ನಿಮಿಷ ಉಳಿಸಲು ಹೋಗಬೇಡಿ.

ಎಬಿಎಸ್ ಓವರ್ ಕರೆಂಟ್

ಪಟ್ಟಿಯಲ್ಲಿ ಅತಿ ಹೆಚ್ಚು ಕಾಣುವ ಹೆಸರು ಇದು. ಎಬಿಎಸ್ ಎಂದರೆ ಇಲ್ಲಿ ಆಬ್ಸೊಲ್ಯೂಟ್, ಪರಮಾವಧಿ. ಮೋಟಾರಿನ ಕರೆಂಟ್ ನಾವು ಕೊಟ್ಟ ಪರಮಾವಧಿ ಮಿತಿಯನ್ನು ದಾಟಿತು ಎಂದು ಕಂಟ್ರೋಲರ್ ಹೇಳುತ್ತಿದೆ. ನಿಜವಾಗಿ ದಾಟಿತೋ, ದಾಟಿದಂತೆ ಅದಕ್ಕೆ ಕಂಡಿತೋ ಎನ್ನುವುದೇ ಪ್ರಶ್ನೆ. ಉತ್ತರ ಅದೇ ದಾಖಲೆಯಲ್ಲಿದೆ. ಹೆಸರಿನ ಕೆಳಗೆ ಕರೆಂಟ್, ಫಿಲ್ಟರ್ ಮಾಡಿದ ಕರೆಂಟ್, ವೋಲ್ಟೇಜ್, ಡ್ಯೂಟಿ (ಸ್ವಿಚಿಂಗಿನ ಒಂದು ಸುತ್ತಿನಲ್ಲಿ ಮೇಲಿನ ಮಾಸ್‌ಫೆಟ್ ಆನ್ ಇರುವ ಪಾಲು), ಆರ್‌ಪಿಎಂ, ಉಷ್ಣತೆ ಎಂದು ಸಾಲಾಗಿ ಅಂಕಿಗಳಿರುತ್ತವೆ. ಮೊದಲ ಎರಡನ್ನು ಅಕ್ಕಪಕ್ಕ ಇಟ್ಟು ಓದಿ.

ಕರೆಂಟ್ 150 ಆಂಪ್, ಫಿಲ್ಟರ್ ಮಾಡಿದ್ದು 35 ಆಂಪ್ ಎಂದಿದ್ದರೆ ಅದು ಒಂದೇ ಸ್ಯಾಂಪಲಿನಲ್ಲಿ ಎದ್ದ ಮುಳ್ಳು. ಅಳತೆಯ ಗದ್ದಲ ಎಂದು ಮೊದಲು ಶಂಕಿಸಿ. ಎರಡೂ 120ರ ಮೇಲಿದ್ದರೆ ಕರೆಂಟ್ ನಿಜವಾಗಿಯೂ ಏರಿದೆ: ಟ್ಯೂನಿಂಗ್ ಕೆಟ್ಟಿದೆ, ಇಲ್ಲವೇ ಮೋಟಾರಿನಲ್ಲಿ ಶಾರ್ಟ್ ಇದೆ.

ಗದ್ದಲದ ವಿಷಯ ಮೊದಲು. ವೆಸ್ಕ್‌ನ ನಾಲ್ಕನೇ ತಲೆಮಾರಿನ ಹಾರ್ಡ್‌ವೇರಿನಲ್ಲಿ ಕರೆಂಟ್ ಅಳೆಯುವ ಶಂಟ್ ರೆಸಿಸ್ಟರುಗಳು ಕೆಳಗಿನ ಮಾಸ್‌ಫೆಟ್ಟಿನ ಕಾಲಿನಲ್ಲಿವೆ. ಕೆಳಗಿನ ಮಾಸ್‌ಫೆಟ್ ಆನ್ ಇದ್ದಾಗ ಮಾತ್ರ ಶಂಟಿನಲ್ಲಿ ಕರೆಂಟ್ ಹರಿಯುತ್ತದೆ, ಅಷ್ಟರೊಳಗೆ ಅಳೆಯಬೇಕು. ಸ್ವಿಚಿಂಗ್ 20 ಕಿಲೊಹರ್ಟ್ಸ್ ಎಂದುಕೊಂಡರೆ ಒಂದು ಸುತ್ತಿಗೆ 50 ಮೈಕ್ರೋಸೆಕೆಂಡ್. ಡ್ಯೂಟಿ 95 ಶೇಕಡಾ ಮುಟ್ಟಿದಾಗ ಅಳೆಯಲು ಸಿಗುವ ಕಿಂಡಿ ಹೆಚ್ಚುಕಡಿಮೆ ಎರಡೂವರೆ ಮೈಕ್ರೋಸೆಕೆಂಡ್. ಸ್ವಿಚ್ ಆದ ತಕ್ಷಣ ಏಳುವ ವೋಲ್ಟೇಜಿನ ಕಂಪನ ಅಡಗುವ ಮೊದಲೇ ಎಡಿಸಿ (ವೋಲ್ಟೇಜನ್ನು ಅಂಕಿಯಾಗಿ ಓದುವ ಭಾಗ) ಓದಿಬಿಟ್ಟರೆ ಆ ಓದು ಸುಳ್ಳು. ಆದ್ದರಿಂದ ದಾಖಲೆಯಲ್ಲಿ ಡ್ಯೂಟಿ 0.9ರ ಆಸುಪಾಸಿದ್ದು ಫಿಲ್ಟರ್ ಮಾಡಿದ ಕರೆಂಟ್ ಕಡಿಮೆ ಇದ್ದರೆ ರೋಗ ಇಲ್ಲೇ ಇದೆ. ಕೂಡಲೇ ಮಾಡಬಹುದಾದ ಪರಿಹಾರ, ಗರಿಷ್ಠ ಇಆರ್‌ಪಿಎಂ (ಮೋಟಾರಿನ ಆರ್‌ಪಿಎಂ ಗುಣಿಸು ಪೋಲ್ ಜೋಡಿ) ಮಿತಿಯನ್ನು ಇಳಿಸಿ ಬೋರ್ಡು ಆ ತುದಿಗೆ ಹೋಗದಂತೆ ನೋಡಿಕೊಳ್ಳುವುದು.

ಇಆರ್‌ಪಿಎಂ ಲೆಕ್ಕ ಎಲ್ಲರೂ ಒಮ್ಮೆ ಹಾಕಿ ನೋಡಬೇಕು. ಬೆಲ್ಟ್ ಡ್ರೈವ್ ಬೋರ್ಡಿನಲ್ಲಿ ಸಾಮಾನ್ಯವಾಗಿರುವ 6374 ಮೋಟಾರ್ ತೆಗೆದುಕೊಳ್ಳಿ: 190 ಕೆವಿ (ಒಂದು ವೋಲ್ಟಿಗೆ 190 ಆರ್‌ಪಿಎಂ), 14 ಮ್ಯಾಗ್ನೆಟ್, ಅಂದರೆ 7 ಪೋಲ್ ಜೋಡಿ. 10ಎಸ್, ಅಂದರೆ 10 ಸೆಲ್ ಸಾಲಾಗಿ ಸೇರಿದ ಬ್ಯಾಟರಿ ತುಂಬಿದಾಗ 42 ವೋಲ್ಟ್. 42 ಗುಣಿಸು 190 ಗುಣಿಸು 7, ಸುಮಾರು 56 ಸಾವಿರ. ಅದೇ ಮೋಟಾರನ್ನು 12ಎಸ್‌ಗೆ ಹಾಕಿದರೆ 50.4 ವೋಲ್ಟಿಗೆ 67 ಸಾವಿರ. ನಾಲ್ಕನೇ ತಲೆಮಾರಿನ ವೆಸ್ಕ್‌ಗೆ 60 ಸಾವಿರ ದಾಟಿಸಬಾರದು ಎನ್ನುವುದು ಬಳಸುವವರಲ್ಲಿ ಮೊದಲಿನಿಂದ ಬಂದ ಕಟ್ಟಳೆ. ಬ್ಯಾಟರಿ ದೊಡ್ಡದು ಮಾಡಿದ ವಾರವೇ ಕಟ್ಟಾಗಲು ಶುರುವಾಯಿತು ಎನ್ನುವವರು ಈ ಗುಣಾಕಾರವನ್ನು ಮೊದಲು ಮಾಡಲಿ.

ಸ್ಲೋ ಎಬಿಎಸ್ ಎಂಬ ಆಯ್ಕೆ ಆನ್ ಮಾಡಿದರೆ ಕಂಟ್ರೋಲರ್ ಮಿತಿಯನ್ನು ಫಿಲ್ಟರ್ ಮಾಡಿದ ಕರೆಂಟಿಗೆ ಹೋಲಿಸುತ್ತದೆ, ಮುಳ್ಳುಗಳನ್ನು ಬಿಟ್ಟುಬಿಡುತ್ತದೆ. ಗದ್ದಲವೇ ಕಾರಣ ಎಂದು ಅಂಕಿ ಹೇಳಿದ ಮೇಲೆ ಅದನ್ನು ಬಳಸಬಹುದು. ಎರಡೂ ಕರೆಂಟ್ ಹೆಚ್ಚಿದ್ದಾಗ ಬಳಸಿದರೆ ಮಾಸ್‌ಫೆಟ್ ಸುಡುತ್ತದೆ. ಹಾಗೆಯೇ ಪರಮಾವಧಿ ಮಿತಿಯನ್ನು ಮೋಟಾರ್ ಕರೆಂಟಿನ ಒಂದೂವರೆ ಪಟ್ಟಿನ ಸುತ್ತ ಇಡುವುದು ರೂಢಿ. 60 ಆಂಪ್ ಮೋಟಾರಿಗೆ 90. ಮೋಟಾರ್ ಕರೆಂಟನ್ನು 80ಕ್ಕೆ ಏರಿಸಿ ಪರಮಾವಧಿಯನ್ನು 90ರಲ್ಲೇ ಬಿಟ್ಟರೆ ಗುಂಡಿ ಹಾರಿದಾಗೊಮ್ಮೆ ಕಟ್ಟಾಗುವುದು ಸಹಜ.

ಈಗ ಕರೆಂಟ್ ನಿಜವಾಗಿಯೇ ಏರಿದ ಸಂದರ್ಭ. ಎಫ್‌ಒಸಿ (ರೋಟರಿನ ಜಾಗಕ್ಕೆ ತಕ್ಕಂತೆ ಕರೆಂಟನ್ನು ನಯವಾಗಿ ಹೊಂದಿಸುವ) ವಿಧಾನದಲ್ಲಿ ಕಂಟ್ರೋಲರ್ ಮೋಟಾರಿನ ರೆಸಿಸ್ಟೆನ್ಸ್, ಇಂಡಕ್ಟೆನ್ಸ್, ಫ್ಲಕ್ಸ್ ಲಿಂಕೇಜ್ ಮೂರನ್ನೂ ಅಳೆದು, ಮೊದಲ ಎರಡರಿಂದ ಕರೆಂಟ್ ಹಿಡಿತದ ಕೆಪಿ, ಕೆಐ ಅಂಕಿಗಳನ್ನು ಲೆಕ್ಕ ಹಾಕುತ್ತದೆ. ಮೂಲ ಸೆಟ್ಟಿಂಗಿನ 1000 ಮೈಕ್ರೋಸೆಕೆಂಡ್ ಟೈಮ್ ಕಾನ್ಸ್ಟಂಟಿಗೆ ಕೆಪಿ ಎಂದರೆ ಇಂಡಕ್ಟೆನ್ಸಿನ ಸಾವಿರ ಪಟ್ಟು, ಕೆಐ ಎಂದರೆ ರೆಸಿಸ್ಟೆನ್ಸಿನ ಸಾವಿರ ಪಟ್ಟು. 20 ಮೈಕ್ರೋಹೆನ್ರಿ, 20 ಮಿಲಿಓಮ್ ಇರುವ ಮೋಟಾರಿಗೆ ಕೆಪಿ 0.02, ಕೆಐ 20 ಬರಬೇಕು. ನಿಮ್ಮಲ್ಲಿ ಕೆಪಿ 0.2 ಎಂದು ಕಂಡರೆ ಅಳತೆ ಹತ್ತು ಪಟ್ಟು ತಪ್ಪಿದೆ, ಕರೆಂಟ್ ತೂಗುಯ್ಯಾಲೆ ಆಡುತ್ತಿದೆ. ಫ್ಲಕ್ಸ್ ಲಿಂಕೇಜನ್ನೂ ಕೈಲೆಕ್ಕದಲ್ಲಿ ತಾಳೆ ನೋಡಬಹುದು: 5.5 ಅನ್ನು ಕೆವಿ ಮತ್ತು ಪೋಲ್ ಜೋಡಿಯ ಗುಣಲಬ್ಧದಿಂದ ಭಾಗಿಸಿ. 190 ಕೆವಿ, 7 ಜೋಡಿಗೆ 0.0041 ವೆಬರ್, ಅಂದರೆ 4.1 ಮಿಲಿವೆಬರ್. ಕೆವಿಯ ಅಂಕಿ ಲೇಬಲ್ಲಿನಲ್ಲಿ ಇದ್ದಂತೆಯೇ ಇರುವುದು ಅಪರೂಪ, ಹತ್ತಿಪ್ಪತ್ತು ಶೇಕಡಾ ಆಚೀಚೆ ಇದ್ದರೆ ಚಿಂತೆಯಿಲ್ಲ. ಒಂದೇ ಬೋರ್ಡಿನ ಎರಡು ಒಂದೇ ಮಾದರಿಯ ಮೋಟಾರುಗಳ ನಡುವೆ ಅಷ್ಟು ವ್ಯತ್ಯಾಸವಿದ್ದರೆ ಚಿಂತಿಸಬೇಕು.

ಇನ್ನೊಂದು ಸಂಗತಿ, ನಿಧಾನ ವೇಗದಲ್ಲಿ ಪೂರ್ತಿ ಥ್ರಾಟಲ್ ಕೊಟ್ಟಾಗ ಮಾತ್ರ ಕಟ್ಟಾಗುವುದು. ಕರೆಂಟ್ ಜಾಸ್ತಿಯಾದಾಗ ಕಬ್ಬಿಣ ಸ್ಯಾಚುರೇಟ್ ಆಗಿ ಇಂಡಕ್ಟೆನ್ಸ್ ಇಳಿಯುತ್ತದೆ. ಕಂಟ್ರೋಲರ್ ಹಳೆಯ ಅಂಕಿಯನ್ನೇ ನಂಬಿ ರೋಟರಿನ ಜಾಗವನ್ನು ತಪ್ಪಾಗಿ ಊಹಿಸುತ್ತದೆ. ಸ್ಯಾಚುರೇಷನ್ ಕಾಂಪನ್ಸೇಷನ್ ಎಂಬ ಸೆಟ್ಟಿಂಗ್ ಇದಕ್ಕೇ ಇದೆ, ಸ್ವಲ್ಪ ಸ್ವಲ್ಪವೇ ಏರಿಸಿ ನೋಡಿ. ಅನುಮಾನ ಬಗೆಹರಿಯದಿದ್ದರೆ ಮೋಟಾರ್ ವಿಧಾನವನ್ನು ತಾತ್ಕಾಲಿಕವಾಗಿ ಎಫ್‌ಒಸಿಯಿಂದ ಬಿಎಲ್‌ಡಿಸಿ ಎಂಬ ಸರಳ ವಿಧಾನಕ್ಕೆ ಬದಲಿಸಿ ಅದೇ ಏರಿನಲ್ಲಿ ಓಡಿಸಿ. ಶಬ್ದ ಹೆಚ್ಚು ಬರುತ್ತದೆ, ಬರಲಿ. ಕಟ್ಟಾಗುವುದು ನಿಂತರೆ ಮೋಟಾರ್, ವೈರು, ಮಾಸ್‌ಫೆಟ್ ಬಹುತೇಕ ಸರಿ ಇವೆ, ಎಫ್‌ಒಸಿಯ ಅಂಕಿಗಳೇ ತಪ್ಪು ಎಂದು ತಿಳಿಯುತ್ತದೆ.

ಮೋಟಾರ್ ಮತ್ತು ಫೇಸ್ ವೈರು: ಕೈಯಲ್ಲೇ ಪರೀಕ್ಷೆ

ಸಾಧಾರಣ ಮಲ್ಟಿಮೀಟರ್ 20 ಮಿಲಿಓಮ್ ಅಳೆಯಲಾರದು. ಅದರ ಪ್ರೋಬಿನ ವೈರೇ ಅದಕ್ಕಿಂತ ಹೆಚ್ಚು ತೋರಿಸುತ್ತದೆ. ಅದಕ್ಕಿಂತ ಒಳ್ಳೆಯ ಉಪಾಯವಿದೆ. ಮೋಟಾರಿನ ಮೂರು ಫೇಸ್ ವೈರುಗಳನ್ನು ಕಂಟ್ರೋಲರಿನಿಂದ ಬಿಡಿಸಿ, ಯಾವುದಾದರೂ ಎರಡನ್ನು ಒಂದಕ್ಕೊಂದು ತಾಗಿಸಿ ಹಿಡಿದು ಚಕ್ರವನ್ನು ಕೈಯಿಂದ ತಿರುಗಿಸಿ. ಬ್ರೇಕ್ ಹಿಡಿದಂತೆ ಬಿಗಿಯಾಗುತ್ತದೆ. ಒಂದು-ಎರಡು, ಎರಡು-ಮೂರು, ಮೂರು-ಒಂದು, ಮೂರು ಜೋಡಿಗೂ ಬಿಗಿ ಒಂದೇ ಸಮ ಇರಬೇಕು. ಒಂದು ಜೋಡಿ ಸಡಿಲವೆನಿಸಿದರೆ ಆ ದಾರಿಯಲ್ಲಿ ಕೋಲ್ಡ್ ಸೋಲ್ಡರ್ ಅಥವಾ ಒಡೆದ ಎಳೆಗಳಿವೆ. ಯಾವ ವೈರನ್ನೂ ತಾಗಿಸದೆ ಬಿಗಿಯೆನಿಸಿದರೆ ಮೋಟಾರಿನ ಒಳಗೇ ಶಾರ್ಟ್ ಇದೆ. ಬೆಲ್ಟ್ ಬಿಚ್ಚಿ ಮಾಡಿದರೆ ಇನ್ನೂ ಸ್ಪಷ್ಟ.

ಕೊನೆಯದಾಗಿ ಮಲ್ಟಿಮೀಟರನ್ನು ಕಂಟಿನ್ಯುಟಿಗೆ ಇಟ್ಟು ಪ್ರತಿ ಫೇಸಿನಿಂದ ಮೋಟಾರಿನ ಲೋಹದ ಮೈಗೆ ನೋಡಿ. ಬೀಪ್ ಬರಬಾರದು.

ಗೆಳೆಯರೊಬ್ಬರ ಬೋರ್ಡಿನಲ್ಲಿ ಎಡ ಮೋಟಾರ್ ಏರು ಹತ್ತುವಾಗ ಮಾತ್ರ ಕಟ್ಟಾಗುತ್ತಿತ್ತು. ಕಂಟ್ರೋಲರುಗಳನ್ನು ಅದಲುಬದಲು ಮಾಡಿದರೂ ಫಾಲ್ಟ್ ಎಡ ಮೋಟಾರಿನ ಜೊತೆಗೇ ಹೋಯಿತು. ಬಿಚ್ಚಿ ನೋಡಿದರೆ ಮೌಂಟಿಗೆ ಹಾಕಿದ್ದ ಎಂ4 ಸ್ಕ್ರೂ ಒಂದರ ತುದಿ ಹೊಳೆಯುತ್ತಿತ್ತು, ಅದರ ಕೊನೆಯ ಎಳೆಯಲ್ಲಿ ಕೂದಲೆಳೆಯಷ್ಟು ತಾಮ್ರ ಸಿಕ್ಕಿಕೊಂಡಿತ್ತು. ಸ್ಕ್ರೂ ಬೇಕಾದ್ದಕ್ಕಿಂತ ಒಂದೆರಡು ಮಿಲಿಮೀಟರ್ ಉದ್ದವಿದ್ದು ವೈಂಡಿಂಗಿನ ಎನಾಮೆಲ್ ಕೆರೆದಿತ್ತು. ತಣ್ಣಗಿದ್ದಾಗ ಎಲ್ಲ ಸರಿ, ಬಿಸಿಯಾಗಿ ತಾಮ್ರ ಹಿಗ್ಗಿದಾಗ ಸುತ್ತುಗಳು ಶಾರ್ಟ್. ಮೌಂಟ್ ಬದಲಿಸಿದಾಗಲೆಲ್ಲ ಸ್ಕ್ರೂ ಎಷ್ಟು ಒಳಗೆ ಹೋಗುತ್ತದೆ ಎಂದು ಅಳೆಯಿರಿ. ಬೇಕಿದ್ದರೆ ವಾಷರ್ ಹಾಕಿ.

ಡಿಆರ್‌ವಿ ಫಾಲ್ಟ್

ಮಾಸ್‌ಫೆಟ್ಟುಗಳ ಗೇಟ್ ಓಡಿಸುವ ಚಿಪ್ಪಿನ ದೂರು ಇದು. ನಾಲ್ಕನೇ ತಲೆಮಾರಿನಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನ ಡಿಆರ್‌ವಿ8302, ಆರನೆಯದರಲ್ಲಿ ಡಿಆರ್‌ವಿ8301. ಎರಡೂ 60 ವೋಲ್ಟಿನ ಚಿಪ್ಪುಗಳು. 8301ಕ್ಕೆ ಎಸ್‌ಪಿಐ ಎಂಬ ಮಾಹಿತಿ ಸಂಪರ್ಕ ಇರುವುದರಿಂದ ಯಾವ ಮಾಸ್‌ಫೆಟ್ ಎಂಬುದನ್ನೂ ಹೇಳುತ್ತದೆ. 8302 ಫಾಲ್ಟ್ ಪಿನ್ ಎಳೆದು ಸುಮ್ಮನಾಗುತ್ತದೆ.

ರೀಬೂಟ್ ಮಾಡಿದ ಮೇಲೂ, ಚಕ್ರ ತಿರುಗಿಸುವ ಮೊದಲೇ ಫಾಲ್ಟ್ ಬರುತ್ತಿದ್ದರೆ ಯಾವುದೋ ಭಾಗ ಸತ್ತಿದೆ. ಬ್ಯಾಟರಿ ಬಿಡಿಸಿ, ಕೆಪ್ಯಾಸಿಟರ್ ಪೂರ್ತಿ ಖಾಲಿಯಾಗಲು ಬಿಟ್ಟು, ಮೋಟಾರನ್ನೂ ಬಿಡಿಸಿ, ಮಲ್ಟಿಮೀಟರನ್ನು ಡಯೋಡ್ ಗುರುತಿಗೆ ತನ್ನಿ. ಕೆಂಪು ಪ್ರೋಬ್ ಬ್ಯಾಟರಿ ಮೈನಸ್ಸಿಗೆ, ಕಪ್ಪು ಒಂದೊಂದೇ ಫೇಸಿಗೆ: ಮೂರರಲ್ಲೂ ಸುಮಾರು 0.4ರಿಂದ 0.5 ವೋಲ್ಟ್ ಬರಬೇಕು. ಆಮೇಲೆ ಕಪ್ಪು ಪ್ರೋಬ್ ಬ್ಯಾಟರಿ ಪ್ಲಸ್ಸಿಗೆ, ಕೆಂಪು ಒಂದೊಂದೇ ಫೇಸಿಗೆ: ಅದೇ ರೀತಿ. ಒಂದು ಕಡೆ ಸೊನ್ನೆ ಬಂದರೆ ಆ ಮಾಸ್‌ಫೆಟ್ ಶಾರ್ಟ್. ಮಾಸ್‌ಫೆಟ್ ಸಾಯುವಾಗ ಗೇಟ್ ಮೂಲಕ ಡ್ರೈವರ್ ಚಿಪ್ಪನ್ನೂ ಒಯ್ಯುವುದೇ ಹೆಚ್ಚು. ಹಾಗಾಗಿ ಒಂದನ್ನೇ ಬದಲಿಸಿ ಬ್ಯಾಟರಿ ಜೋಡಿಸಬೇಡಿ. ಮೊದಲು ಕರೆಂಟ್ ಮಿತಿ ಇರುವ ಬೆಂಚ್ ಸಪ್ಲೈನಲ್ಲಿ ಅರ್ಧ ಆಂಪ್ ಇಟ್ಟು ಎಬ್ಬಿಸಿ.

ಮಾಸ್‌ಫೆಟ್ ಎಲ್ಲ ಸರಿ, ವೇಗದಲ್ಲಿ ಅಥವಾ ಜೋರು ಬ್ರೇಕಿನಲ್ಲಿ ಮಾತ್ರ ಡಿಆರ್‌ವಿ ಫಾಲ್ಟ್ ಎಂದರೆ ವೋಲ್ಟೇಜಿನ ಏಟು ಬೀಳುತ್ತಿದೆ. ರಭಸದಿಂದ ಬರುವ ನೀರಿನ ನಲ್ಲಿಯನ್ನು ತಟಕ್ಕನೆ ಮುಚ್ಚಿದರೆ ಪೈಪು ದಡ್ ಎನ್ನುವ ಹಾಗೆ, ಬ್ಯಾಟರಿ ವೈರಿನಲ್ಲಿ ಹರಿಯುವ ಕರೆಂಟನ್ನು ಮಾಸ್‌ಫೆಟ್ ಥಟ್ಟನೆ ತಡೆದರೆ ವೈರಿನ ಇಂಡಕ್ಟೆನ್ಸ್ ವೋಲ್ಟೇಜಾಗಿ ಸಿಡಿಯುತ್ತದೆ. ಲೆಕ್ಕ ಹೀಗೆ: ಅರ್ಧ ಮೈಕ್ರೋಹೆನ್ರಿಯ ವೈರು, 50 ಆಂಪ್, ಒಂದು ಮೈಕ್ರೋಸೆಕೆಂಡಿನಲ್ಲಿ ತಡೆದರೆ 25 ವೋಲ್ಟ್. 50 ವೋಲ್ಟಿನ ಬ್ಯಾಟರಿಯ ಮೇಲೆ ಇದು ಕೂಡಿದರೆ 60 ವೋಲ್ಟಿನ ಚಿಪ್ ಉಳಿಯುವುದಿಲ್ಲ. ಇದನ್ನು ನುಂಗಲೆಂದೇ ಕಂಟ್ರೋಲರಿನ ಬಾಯಲ್ಲಿ ದೊಡ್ಡ ಕೆಪ್ಯಾಸಿಟರುಗಳಿವೆ. ಬ್ಯಾಟರಿ ಮುಂದೆ, ಕಂಟ್ರೋಲರ್ ಹಿಂದೆ ಇರುವ ಬೋರ್ಡಿನಲ್ಲಿ ಬ್ಯಾಟರಿ ವೈರನ್ನು ಉದ್ದ ಮಾಡುವ ಬದಲು ಫೇಸ್ ವೈರನ್ನು ಉದ್ದ ಮಾಡಿ. ಮೋಟಾರ್ ತಾನೇ ಇಂಡಕ್ಟರ್, ಅದಕ್ಕೆ ಇನ್ನಷ್ಟು ವೈರು ಸೇರಿದರೆ ನಷ್ಟವಿಲ್ಲ. ಬ್ಯಾಟರಿ ವೈರು ಉದ್ದ ಆಗಲೇಬೇಕಿದ್ದರೆ ಪ್ಲಸ್ ಮೈನಸ್ ಎರಡನ್ನೂ ಒತ್ತಾಗಿ ಕಟ್ಟಿ, ಕಂಟ್ರೋಲರಿನ ಹತ್ತಿರವೇ 63 ವೋಲ್ಟ್ ಅಥವಾ ಮೇಲಿನ ಲೋ ಇಎಸ್‌ಆರ್ (ಒಳ ರೆಸಿಸ್ಟೆನ್ಸ್ ಕಡಿಮೆಯಿರುವ) ಕೆಪ್ಯಾಸಿಟರ್ ಸೇರಿಸಿ. ಬೆಂಗಳೂರಿನ ಎಸ್‌ಪಿ ರೋಡಿನಂಥ ಮಾರುಕಟ್ಟೆಯಲ್ಲಿ ಅದೇ ಗಾತ್ರದ ಸಾಮಾನ್ಯ ಕೆಪ್ಯಾಸಿಟರನ್ನು ಕೊಟ್ಟು ಕಳಿಸುವುದುಂಟು. ಕಂಪನಿಯ ಸರಣಿ ಸಂಖ್ಯೆ ಕೇಳಿ, ಡೇಟಾಶೀಟಿನಲ್ಲಿ ರಿಪಲ್ ಕರೆಂಟ್ ನೋಡಿ ತನ್ನಿ.

ವೋಲ್ಟೇಜ್ ಫಾಲ್ಟ್ ಮತ್ತು ರೀಬೂಟ್

ಓವರ್ ವೋಲ್ಟೇಜ್ ಬರುವುದು ಹೆಚ್ಚಾಗಿ ಒಂದೇ ಸಂದರ್ಭದಲ್ಲಿ: ರಾತ್ರಿ ಪೂರ್ತಿ ಚಾರ್ಜ್ ಮಾಡಿ, ಬೆಳಿಗ್ಗೆ ಮನೆಯಿಂದ ಹೊರಟದ್ದೇ ಇಳಿಜಾರಿನಲ್ಲಿ ಬ್ರೇಕ್ ಹಿಡಿದಾಗ. ಬ್ರೇಕ್ ಎಂದರೆ ಮೋಟಾರ್ ಜನರೇಟರ್ ಆಗಿ ಬ್ಯಾಟರಿಗೆ ಚಾರ್ಜ್ ತುಂಬುವುದು. ತುಂಬಿದ ಬ್ಯಾಟರಿಯಲ್ಲಿ ಜಾಗವಿಲ್ಲ. ಸೆಲ್ಲಿನ ವೋಲ್ಟೇಜ್ ಏರುತ್ತದೆ, ಡಿಸ್ಚಾರ್ಜ್ ದಾರಿಯೂ ಬಿಎಂಎಸ್ ಮೂಲಕವೇ ಇದ್ದರೆ ಅದು ಬಾಗಿಲು ಹಾಕುತ್ತದೆ. ಆಗ ಮೋಟಾರಿನಿಂದ ಬಂದ ಶಕ್ತಿಗೆ ಹೋಗಲು ಜಾಗವಿಲ್ಲದೆ ವೋಲ್ಟೇಜ್ ಕ್ಷಣದಲ್ಲಿ ಏರಿ, ಬ್ರೇಕ್ ಬಿಟ್ಟುಹೋಗಿ, ಕೆಲವೊಮ್ಮೆ ಕಂಟ್ರೋಲರೂ ಸಾಯುತ್ತದೆ. ಇಳಿಜಾರಿನ ತುದಿಯಲ್ಲಿ ಮನೆ ಇರುವವರು 90 ಶೇಕಡಾಕ್ಕೇ ಚಾರ್ಜ್ ನಿಲ್ಲಿಸಿ. ರೀಜನ್ ಕರೆಂಟನ್ನು (ಬ್ರೇಕಿನಿಂದ ಬ್ಯಾಟರಿಗೆ ಮರಳುವುದನ್ನು) ಸೆಲ್ಲಿನ ಡೇಟಾಶೀಟಿನಲ್ಲಿ ಹೇಳಿದ ಚಾರ್ಜ್ ಮಿತಿ ಗುಣಿಸು ಪ್ಯಾರಲಲ್ ಸಂಖ್ಯೆಗಿಂತ ಮೇಲೆ ಇಡಬೇಡಿ.

ಅಂಡರ್ ವೋಲ್ಟೇಜ್ ಅಥವಾ ರೀಬೂಟ್ ಆಗಿದ್ದರೆ ಎಷ್ಟು ಸ್ಯಾಗ್ (ಕರೆಂಟ್ ಎಳೆದಾಗ ವೋಲ್ಟೇಜ್ ಇಳಿಯುವುದು) ನ್ಯಾಯ ಎಂದು ಮೊದಲು ಲೆಕ್ಕ ಹಾಕಿ. ಸೆಲ್ಲಿನ ಒಳ ರೆಸಿಸ್ಟೆನ್ಸ್ 20 ಮಿಲಿಓಮ್ ಎಂದರೆ 12ಎಸ್4ಪಿ (ನಾಲ್ಕು ಪ್ಯಾರಲಲ್ ಸೆಲ್ಲಿನ 12 ಗುಂಪು) ಪ್ಯಾಕಿಗೆ 60 ಮಿಲಿಓಮ್, 40 ಆಂಪ್ ಎಳೆದಾಗ 2.4 ವೋಲ್ಟ್ ಇಳಿಯುತ್ತದೆ. ಕನೆಕ್ಟರ್, ನಿಕಲ್ ಪಟ್ಟಿ ಎಲ್ಲ ಸೇರಿ 3, ಹೋಗಲಿ 4 ಎನ್ನಿ. ನಿಮ್ಮ ಲಾಗಿನಲ್ಲಿ 8 ವೋಲ್ಟ್ ಬೀಳುತ್ತಿದ್ದರೆ ಎಲ್ಲೋ ಒಂದು ಜೋಡಣೆ ಸಡಿಲ. ಮಲ್ಟಿಮೀಟರನ್ನು ಮಿಲಿವೋಲ್ಟಿಗೆ ಇಟ್ಟು, ಪ್ಯಾಕಿನಿಂದ ಗೊತ್ತಿರುವ ಕರೆಂಟ್ ಹರಿಸುತ್ತ, ಪ್ರತಿ ಕನೆಕ್ಟರಿನ ಎರಡೂ ಬದಿಗೆ ಪ್ರೋಬ್ ಇಡಿ. 20 ಆಂಪಿಗೆ 100 ಮಿಲಿವೋಲ್ಟ್ ಬಿದ್ದರೆ 5 ಮಿಲಿಓಮ್, ಎರಡು ವ್ಯಾಟ್ ಅಲ್ಲೇ ಸುಡುತ್ತಿದೆ. ಅಂಥ ಕಡೆ ಪ್ಲಾಸ್ಟಿಕ್ ಬಣ್ಣಗೆಟ್ಟಿರುವುದು ಕಣ್ಣಿಗೂ ಕಾಣುತ್ತದೆ. ಸ್ಪಾಟ್ ವೆಲ್ಡ್ ಬಿಟ್ಟ ನಿಕಲ್ ಪಟ್ಟಿ ಕಾಣುವುದಿಲ್ಲ, ಪ್ರತಿ ಸೆಲ್ ಗುಂಪಿನ ವೋಲ್ಟೇಜನ್ನು ಲೋಡಿನಲ್ಲಿ ಅಳೆದೇ ತಿಳಿಯಬೇಕು. ಕಟ್-ಆಫ್ ಶುರು ಮತ್ತು ಕೊನೆಯನ್ನು ಸೆಲ್ಲಿಗೆ 3.4 ಮತ್ತು 3.1ರಂತೆ, 12ಎಸ್‌ಗೆ 40.8 ಮತ್ತು 37.2 ವೋಲ್ಟಿಗೆ ಇಟ್ಟರೆ ಕಂಟ್ರೋಲರ್ ಮೆಲ್ಲಗೆ ಶಕ್ತಿ ಇಳಿಸುತ್ತದೆ, ಬಿಎಂಎಸ್ ಥಟ್ಟನೆ ಕಡಿಯುವ ಮಟ್ಟಕ್ಕೆ ಹೋಗುವುದಿಲ್ಲ.

ಎರಡು ಕಂಟ್ರೋಲರಿನ ಬೋರ್ಡಿಗೆ ಒಂದು ಎಚ್ಚರಿಕೆ. ಕ್ಯಾನ್ ವೈರಿನಲ್ಲಿ ಹೈ ಮತ್ತು ಲೋ ಎರಡನ್ನು ಮಾತ್ರ ಜೋಡಿಸಿ, 5 ವೋಲ್ಟ್ ಜೋಡಿಸಬೇಡಿ. ಎರಡಕ್ಕೂ ಒಂದೇ ಸ್ವಿಚ್ಚಿನಿಂದ ಒಟ್ಟಿಗೇ ಪವರ್ ಬರಬೇಕು. ಒಂದರ ಮೈನಸ್ ವೈರು ಸಡಿಲವಾದರೆ ಮೋಟಾರಿನ ಕರೆಂಟ್ ಮತ್ತೊಂದರ ಕಡೆಗೆ ಹೋಗುವ ಸಣ್ಣ ಸಿಗ್ನಲ್ ವೈರಿನಲ್ಲಿ ಹರಿಯಲು ನೋಡುತ್ತದೆ, ಎರಡೂ ಸುಡುತ್ತವೆ.

ಫಾಲ್ಟೂ ಇಲ್ಲ, ರೀಬೂಟೂ ಇಲ್ಲ

ರಿಮೋಟ್. ರಿಸೀವರಿನ ಆಂಟೆನಾ ಕಾರ್ಬನ್ ಫೈಬರ್ ಡೆಕ್ಕಿನ ಅಥವಾ ಅಲ್ಯುಮಿನಿಯಂ ಡಬ್ಬಿಯ ಒಳಗಿದ್ದರೆ 2.4 ಗಿಗಾಹರ್ಟ್ಸ್ ಒಳಗೆ ಬರುವುದೇ ಕಷ್ಟ. ಆಂಟೆನಾ ತುದಿಯನ್ನು ಹೊರಗೆ, ಫೇಸ್ ವೈರುಗಳಿಂದ ದೂರ ತನ್ನಿ. ಪಿಪಿಎಂ (ಥ್ರಾಟಲನ್ನು ಪಲ್ಸಿನ ಉದ್ದದಲ್ಲಿ ಹೇಳುವ) ರಿಸೀವರ್ ಆದರೆ 1ರಿಂದ 2 ಮಿಲಿಸೆಕೆಂಡಿನ ಪಲ್ಸ್ ವೆಸ್ಕ್ ಟೂಲಿನಲ್ಲಿ ನಡುಗದೆ ನಿಲ್ಲುತ್ತದೆಯೇ ನೋಡಿ. ಬೆಲ್ಟ್ ಜಾರುವುದು, ಪುಲ್ಲಿಯ ಗ್ರಬ್ ಸ್ಕ್ರೂ ಸಡಿಲವಾಗುವುದು ಕೂಡ ಕಟ್ಟಾದಂತೆಯೇ ಅನಿಸುತ್ತದೆ, ಅದನ್ನೂ ಒಮ್ಮೆ ನೋಡಿಬಿಡಿ.

ನಿಂತಲ್ಲಿಂದ ಹೊರಡುವಾಗ ನಡುಗಿ ನಿಲ್ಲುವುದು ಬೇರೆ ದೋಷ, ಕಾರಣ ಬಹುಮಟ್ಟಿಗೆ ರೋಟರಿನ ಜಾಗ ಹೇಳುವ ಹಾಲ್ ಸೆನ್ಸರ್. ಮೂರು ಸೆನ್ಸರುಗಳ ಒಟ್ಟು ಸ್ಥಿತಿ 1ರಿಂದ 6ರೊಳಗೇ ಇರಬೇಕು. 0 ಅಥವಾ 7 ಬಂದರೆ ಒಂದು ವೈರು ಹೋಗಿದೆ. ಮಳೆಯಲ್ಲಿ ಓಡಿಸಿದ ಮೇಲೆ ಶುರುವಾಗಿದ್ದರೆ ಆ ಆರು ಪಿನ್ನಿನ ಸಣ್ಣ ಜೆಎಸ್‌ಟಿ ಕನೆಕ್ಟರಿನಲ್ಲಿ ಹಸಿರು ಕಿಲುಬು ಹುಡುಕಿ.

ಹೊಸ ಕಂಟ್ರೋಲರ್ ಮಾಡುವವರಿಗೆ

ಮೇಲಿನ ದೋಷಗಳಲ್ಲಿ ಅರ್ಧದಷ್ಟನ್ನು ಸರ್ಕ್ಯೂಟ್ ಬೋರ್ಡಿನಲ್ಲೇ ತಡೆಯಬಹುದು, ಮತ್ತು ನನ್ನ ಪ್ರಕಾರ ಆಂಪ್ ಹೆಚ್ಚಿಸುವುದಕ್ಕಿಂತ ಇದೇ ಮೊದಲ ಕೆಲಸ. ಶಂಟನ್ನು ಕೆಳಗಿನ ಕಾಲಿನಿಂದ ತೆಗೆದು ಮೂರೂ ಫೇಸುಗಳ ದಾರಿಯಲ್ಲೇ ಇಟ್ಟರೆ, ಆರನೇ ತಲೆಮಾರಿನ ವೆಸ್ಕ್‌ನಲ್ಲಿ ಮಾಡಿದಂತೆ, ಯಾವ ಡ್ಯೂಟಿಯಲ್ಲೂ ಅಳೆಯಲು ಪೂರ್ತಿ ಸಮಯ ಸಿಗುತ್ತದೆ. ಶಂಟಿನ ಎರಡು ತುದಿಯಿಂದ ಆಂಪ್ಲಿಫೈಯರಿಗೆ ಹೋಗುವ ಗೆರೆಗಳು ಪ್ಯಾಡಿನ ಒಳ ಅಂಚಿನಿಂದಲೇ ಹೊರಟು ಜೋಡಿಯಾಗಿ ಹೋಗಲಿ, ಗೇಟ್ ಗೆರೆಗಳ ಪಕ್ಕ ಬೇಡ. ಪ್ರತಿ ಅರ್ಧ ಸೇತುವೆಗೂ (ಒಂದು ಫೇಸಿನ ಮೇಲಿನ-ಕೆಳಗಿನ ಮಾಸ್‌ಫೆಟ್ ಜೋಡಿಗೂ) ಅದರದೇ ಸೆರಾಮಿಕ್ ಕೆಪ್ಯಾಸಿಟರುಗಳು ಮಾಸ್‌ಫೆಟ್ಟಿಗೆ ಅಂಟಿಕೊಂಡಂತೆ ಇರಲಿ. ದೂರದ ಎಲೆಕ್ಟ್ರೋಲಿಟಿಕ್ ಎಷ್ಟೇ ದೊಡ್ಡದಿದ್ದರೂ ನ್ಯಾನೋಸೆಕೆಂಡಿನ ಏಟಿಗೆ ಒದಗುವುದಿಲ್ಲ.

12ಎಸ್ ಓಡಿಸುವುದಾದರೆ 60 ವೋಲ್ಟಿನ ಡ್ರೈವರಿನಲ್ಲಿ ಉಳಿಯುವ ಅಂತರ 9.6 ವೋಲ್ಟ್ ಮಾತ್ರ. ಅದು ಸಾಲದು. ಡಿಆರ್‌ವಿ8353ರಂಥ 100 ವೋಲ್ಟಿನ ಚಿಪ್ ಮತ್ತು ಅದಕ್ಕೆ ಹೊಂದುವ ಮಾಸ್‌ಫೆಟ್ ಬಳಸಿ. 5 ವೋಲ್ಟ್ ಸಪ್ಲೈಯನ್ನು ಗೇಟ್ ಡ್ರೈವರಿನ ಒಳಗಿನ ಬಕ್ಕಿನಿಂದ (ವೋಲ್ಟೇಜ್ ಇಳಿಸುವ ಭಾಗದಿಂದ) ತೆಗೆಯದೆ ಬೇರೆ ರೆಗ್ಯುಲೇಟರ್ ಇಡಿ. ಸವಾರ ಹೆಡ್‌ಲೈಟನ್ನು ಅಲ್ಲಿಗೇ ಸಿಕ್ಕಿಸುತ್ತಾನೆ ಎಂದು ತಿಳಿದೇ ಅದಕ್ಕೆ ಕರೆಂಟ್ ಮಿತಿಯನ್ನೂ ಇಡಿ. ಫಾಲ್ಟುಗಳನ್ನು ಫ್ಲ್ಯಾಶ್ ಮೆಮೊರಿಯಲ್ಲಿ ಬರೆದಿಡುವ ಏರ್ಪಾಡು ಮಾಡಿ. ಬಿದ್ದವರು ಆಫ್ ಮಾಡಿಯೇ ಮಾಡುತ್ತಾರೆ.

ಸರಿಪಡಿಸಿದ ಮೇಲೆ

ಯಾವ ಭಾಗ ಬದಲಿಸಿದರೂ, ಫರ್ಮ್‌ವೇರ್ ಏರಿಸಿದರೂ, ಮೋಟಾರ್ ಡಿಟೆಕ್ಷನ್ ಮತ್ತೆ ಮಾಡಿ. ಹಳೆಯ ಕಾನ್ಫಿಗರೇಷನ್ ಫೈಲನ್ನು ಹಾಗೇ ತುಂಬಬೇಡಿ. ಲ್ಯಾಪ್‌ಟಾಪನ್ನು ಯುಎಸ್‌ಬಿಯಲ್ಲಿ ಜೋಡಿಸಿದ್ದಾಗ ಬೋರ್ಡಿಗೆ ಚಾರ್ಜರ್ ಹಾಕಬೇಡಿ, ಗ್ರೌಂಡ್ ಲೂಪಾಗಿ ಪೋರ್ಟ್ ಹೋಗುತ್ತದೆ. ಚಕ್ರ ಗಾಳಿಯಲ್ಲಿ ಎತ್ತಿ ಪೂರ್ತಿ ಥ್ರಾಟಲ್ ಕೊಟ್ಟು ಸರಿಯಾಯಿತು ಎನ್ನುವುದು ಪರೀಕ್ಷೆಯಲ್ಲ. ಅಲ್ಲಿ ಕರೆಂಟೇ ಇಲ್ಲ, ಇರುವುದು ಡ್ಯೂಟಿ ಮಾತ್ರ.

ಮೊದಲು ಬೋರ್ಡಿನ ಮೂತಿಯನ್ನು ಫುಟ್‌ಪಾತಿನ ಅಂಚಿಗೆ ಒತ್ತಿ ಹಿಡಿದು ಒಂದೆರಡು ಸೆಕೆಂಡ್ ಥ್ರಾಟಲ್ ಕೊಡಿ. ಮೋಟಾರ್ ಕರೆಂಟ್ ಮಿತಿ ಮುಟ್ಟುತ್ತದೆ, ಬ್ಯಾಟರಿ ಕರೆಂಟ್ ಕಡಿಮೆಯೇ ಇರುತ್ತದೆ; 60 ಆಂಪ್ ಮೋಟಾರಿನಲ್ಲಿ ಹರಿಯುವಾಗ ಡ್ಯೂಟಿ 5 ಶೇಕಡಾ ಇದ್ದರೆ ಬ್ಯಾಟರಿಯಿಂದ ಬರುವುದು ಸುಮಾರು 3. ಶಂಟ್, ಫೇಸ್ ವೈರು, ಮಾಸ್‌ಫೆಟ್ ಇಲ್ಲಿ ಪರೀಕ್ಷೆಯಾಗುತ್ತವೆ. ಆಮೇಲೆ ಖಾಲಿ ರಸ್ತೆಯ ಉದ್ದ ಏರಿನಲ್ಲಿ ಲಾಗಿಂಗ್ ಹಾಕಿಕೊಂಡು ಹತ್ತಿ, ಅದು ಬ್ಯಾಟರಿ ಕಡೆಯ ಪರೀಕ್ಷೆ. ಸಪಾಟು ರಸ್ತೆಯಲ್ಲಿ ಗರಿಷ್ಠ ವೇಗ ಮುಟ್ಟುವುದು ಮೂರನೆಯದು. ತುಂಬಿದ ಬ್ಯಾಟರಿಯ ಇಳಿಜಾರು ಬ್ರೇಕನ್ನು ಎಲ್ಲಕ್ಕಿಂತ ಕೊನೆಗೆ ಇಟ್ಟುಕೊಳ್ಳಿ. ಹೆಲ್ಮೆಟ್, ಮಣಿಕಟ್ಟಿನ ಗಾರ್ಡ್ ಹಾಕಿ, ಓಡಿ ಇಳಿಯಬಹುದಾದಷ್ಟು ನಿಧಾನವಾಗಿ ಶುರು ಮಾಡಿ, ಪ್ರತಿ ಸಲ ಕೆಳಗೆ ಬಂದ ಮೇಲೆ ಆಫ್ ಮಾಡುವ ಮೊದಲು ಎರಡೂ ಕಂಟ್ರೋಲರಿನ ಫಾಲ್ಟ್ ಪಟ್ಟಿ ನೋಡಿ.